ತಲೆ, ಹೆಗಲು ಮತ್ತು ಕೈ

ಮೈಸೂರಿನ ರಾಮಕೃಷ್ಣನಗರದ ಮನೆಯೊಂದರಲ್ಲಿ ಒಂದು ಸಂಜೆ ಮೊಮ್ಮಗನು ಇಂಗ್ಲಿಷ್ ಪತ್ರಿಕೆಯನ್ನು ಓದುತ್ತಿದ್ದನು. ಆಟಗಾರನೊಬ್ಬನು ಉಳಿದವರಿಗಿಂತ ‘ಹೆಡ್ ಅಂಡ್ ಶೋಲ್ಡರ್ಸ್ ಅಬೌವ್’ ಎಂದು ಅದರಲ್ಲಿ ಬರೆದಿತ್ತು. “ತಾತ, ಇವನು ಅಷ್ಟೊಂದು ಎತ್ತರವೇ?” ಎಂದು ಕೇಳಿದನು. ಹುಡುಗನು ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡ. ಪ್ರಾರ್ಥನೆಯ ಸಾಲಿನಲ್ಲಿ ಸದಾ ಮೊದಲಿಗ. ಆ ಪ್ರಶ್ನೆಯಲ್ಲಿ ಕುತೂಹಲಕ್ಕಿಂತ ಸಂಕಟವೇ ಹೆಚ್ಚಾಗಿತ್ತು.

“ಮೈಯೆತ್ತರದ ಮಾತಲ್ಲಪ್ಪ. ಆಟದಲ್ಲಿ ಎಲ್ಲರಿಗಿಂತ ಬಹಳ ಮಿಗಿಲು ಎಂದರ್ಥ” ಎಂದರು ತಾತ.

“ಹಾಗಾದರೆ ತಲೆ, ಹೆಗಲು ಏಕೆ ಬಂದವು?”

ಪ್ರಶ್ನೆ ಯೋಗ್ಯವಾದುದೇ. ನುಡಿಗಟ್ಟಿನ ಅರ್ಥವು ಅದರ ಬಿಡಿ ಪದಗಳಲ್ಲಿ ದೊರೆಯುವುದಿಲ್ಲ. ಆದರೂ ಆ ಪದಗಳು ಕಾರಣವಿಲ್ಲದೆ ಬಂದು ಕುಳಿತಿರುವುದಿಲ್ಲ. ಈ ಮಾತಿನ ಮೂಲವನ್ನು ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಗುರುತಿಸುವುದುಂಟು. ಇಸ್ರಾಯೇಲರ ಮೊದಲ ಅರಸನಾದ ಸೌಲನ ಹೆಗಲಿಗಿಂತ ಮೇಲೆ ಜನರಲ್ಲಿ ಯಾರೂ ಬರುತ್ತಿರಲಿಲ್ಲವೆಂದು ಅಲ್ಲಿ ವರ್ಣನೆಯಿದೆ. 1611ರಲ್ಲಿ ಪ್ರಕಟವಾದ ಪ್ರಸಿದ್ಧ ಇಂಗ್ಲಿಷ್ ಅನುವಾದದಲ್ಲಿಯೂ ಆ ಚಿತ್ರ ಹಾಗೆಯೇ ಇದೆ.

ಆದರೆ ಕಥೆಯನ್ನು ಮುಂದೆಯೂ ಓದಬೇಕು. ಅರಸನನ್ನು ಆರಿಸಿದ ದಿನ ಈ ಎತ್ತರದ ಆಳು ಸಾಮಾನು ಸರಂಜಾಮುಗಳ ನಡುವೆ ಅಡಗಿಕೊಂಡಿದ್ದನು! ಹುಡುಕಿ ತರಬೇಕಾಯಿತು. ಮುಂದೊಮ್ಮೆ ಆರು ಮೊಳ ಒಂದು ಗೇಣು ಎತ್ತರದ ಗೊಲ್ಯಾತನು ಸವಾಲು ಹಾಕಿದಾಗ ಸೌಲನೂ ಅವನ ಸೇನೆಯೂ ಅಂಜಿದರು. ಎದುರು ನಿಂತವನು ಕುರಿ ಕಾಯುತ್ತಿದ್ದ ದಾವೀದ. ಅರಸನು ತೊಡಿಸಿದ ಯುದ್ಧಕವಚವು ಅವನಿಗೆ ಒಗ್ಗಲಿಲ್ಲ. ಅದನ್ನು ಕಳಚಿಟ್ಟು, ಕವಣೆಯನ್ನೂ ಹಳ್ಳದಿಂದ ಆರಿಸಿದ ಐದು ಕಲ್ಲುಗಳನ್ನೂ ಹಿಡಿದು ಹೊರಟನು. ಒಂದೇ ಕಲ್ಲು ಸಾಕಾಯಿತು.

ತಾತ ಇದನ್ನು ಹೇಳಿದಾಗ ಹುಡುಗನು, “ದಾವೀದ ಎಷ್ಟು ಎತ್ತರವಿದ್ದ?” ಎಂದನು.

“ಅದನ್ನು ಯಾರೂ ಅಳೆದು ಬರೆದಿಡಲಿಲ್ಲ, ಮಗು.”

ಈ ನುಡಿಗಟ್ಟನ್ನು ಪದಕ್ಕೆ ಪದವಿಟ್ಟು ಕನ್ನಡಕ್ಕೆ ತಂದರೆ ನಗೆಪಾಟಲಾಗುತ್ತದೆ. ತರಬೇಕಾದ ಅಗತ್ಯವೂ ಇಲ್ಲ. ಕನ್ನಡಿಗರು ಹಿರಿಮೆಯನ್ನು ಹೇಳುವಾಗ ಹೆಚ್ಚಾಗಿ ಕೈಯನ್ನೇ ನೆನೆಯುತ್ತಾರೆ. ‘ಮೇಲುಗೈ’ ಎಂಬಲ್ಲಿ ಮೇಲು, ಕೈ ಎರಡೂ ಕೂಡಿ ಕಕಾರಕ್ಕೆ ಗಕಾರವು ಆದೇಶವಾಗಿ ಬಂದಿದೆ. ಇಂಗ್ಲಿಷಿನಲ್ಲಿಯೂ ಇದಕ್ಕೆ ಸಮನಾದ ಮಾತುಂಟು. ಬಹುಕಾಲದ ಅನುಭವವುಳ್ಳವರದು ‘ಪಳಗಿದ ಕೈ’. ಇನ್ನು ‘ಎತ್ತಿದ ಕೈ’ಯ ಸೊಗಸೇ ಬೇರೆ. ಒಬ್ಬಾಕೆ ಹೋಳಿಗೆ ಮಾಡುವುದರಲ್ಲಿ ಎತ್ತಿದ ಕೈ, ಇನ್ನೊಬ್ಬಾಕೆ ಲೆಕ್ಕದಲ್ಲಿ. ರಾಮಕೃಷ್ಣನಗರದಲ್ಲಿಯೇ ಇರುವ ‘ನಟನ’ ರಂಗಶಾಲೆಯ ನಟನೊಬ್ಬನನ್ನು ಅಭಿನಯದಲ್ಲಿ ಎತ್ತಿದ ಕೈ ಎನ್ನಲು ಯಾರೂ ಅಳತೆಪಟ್ಟಿ ಹಿಡಿಯುವುದಿಲ್ಲ. ಸುಳ್ಳು ಹೇಳುವುದರಲ್ಲಿ ಎತ್ತಿದ ಕೈ ಎಂದು ಇದೇ ಮಾತಿನಿಂದ ಚುಚ್ಚುವುದೂ ಉಂಟು; ಆ ಜಾಣತನವೂ ಕನ್ನಡಕ್ಕಿದೆ.

ಇವೆಲ್ಲಕ್ಕಿಂತ ಹಿತವಾದುದು ‘ಒಂದು ಕೈ ಮೇಲು’. ಹಾಡುವುದರಲ್ಲಿ ತಂಗಿಯು ಅಕ್ಕನಿಗಿಂತ ಒಂದು ಕೈ ಮೇಲು ಎಂದರೆ, ಅಕ್ಕನೂ ಚೆನ್ನಾಗಿ ಹಾಡುತ್ತಾಳೆಂದು ಕೇಳಿದವರಿಗೆ ತಾನಾಗಿಯೇ ತಿಳಿಯುತ್ತದೆ.