ಸಾಂಗ್ಲಿ-ಮಿರಜಿನಲ್ಲಿ ಮನೆ ನೋಡಿದ್ದು

ಬೆಳಗಾವಿಯಿಂದ ರೈಲು ಹತ್ತಿದರೆ ರಾಯಬಾಗ, ಕುಡಚಿ, ಶೇಡಬಾಳ ದಾಟಿದ ಮೇಲೆ ಮಿರಜ್. ರಾಜ್ಯ ಬದಲಾದರೂ ಪ್ಲಾಟ್‌ಫಾರ್ಮಿನಲ್ಲಿ ಕನ್ನಡ ಕಿವಿಗೆ ಬೀಳುತ್ತಲೇ ಇರುತ್ತದೆ. ಡಾಕ್ಟರ್ ವಾನ್ಲೆಸ್ ಎಂಬ ಮಿಷನರಿ 1890ರ ದಶಕದಲ್ಲಿ ಇಲ್ಲಿ ಆಸ್ಪತ್ರೆ ತೆರೆದರು. ಗಡಿಯ ಈಚೆಗಿನ ನಮ್ಮ ಜನರಿಗೆ ಮಿರಜ್ ಎಂದರೆ ಆಸ್ಪತ್ರೆಯ ಊರು. ನಮ್ಮ ಧರ್ಮಕೇಂದ್ರದ ಒಂದು ಕುಟುಂಬದ ಮಗಳಿಗೆ ಅಲ್ಲಿ ನರ್ಸ್ ಕೆಲಸ. ತಂದೆ ನಿವೃತ್ತರಾಗಿದ್ದರು. ಭವಿಷ್ಯನಿಧಿಯ ಹಣದಲ್ಲಿ ಅಲ್ಲಿಯೇ ಒಂದು ಮನೆ ಕೊಳ್ಳಬೇಕೆಂಬ ಆಸೆ. ಒಮ್ಮೆ ಕೈಬಿಟ್ಟರೆ ಮತ್ತೆ ಬಾರದ ಹಣ ಅದು. "ಫಾದರ್, ನೀವೂ ಬಂದು ನೋಡ್ರಿ" ಎಂದರು. ಜೊತೆಗೆ ಹೋದೆವು.

ಮೊದಲನೆಯ ಮನೆ ಸಾಂಗ್ಲಿಯಲ್ಲಿ, ಕೃಷ್ಣಾ ನದಿಗೆ ಹತ್ತಿರ. ಎರಡು ಅಂತಸ್ತು, ಹೊಸ ಬಣ್ಣ, ವಿಶ್ರಾಮಬಾಗ್ ಕಡೆಯ ಬೆಲೆಗಿಂತ ಎಷ್ಟೋ ಅಗ್ಗ. ಪಡಸಾಲೆಯಲ್ಲಿ ಮಾತೆ ಮರಿಯಳ ಸ್ವರೂಪ ಇಡಲು ಹೇಳಿ ಮಾಡಿಸಿದಂಥ ಗೂಡು. ಅದನ್ನು ಕಂಡೇ ಮನೆಯಾಕೆ ಮನಸೋತಿದ್ದರು.

ಆದರೆ ಬಣ್ಣ ಎದೆಮಟ್ಟದವರೆಗೆ ಮಾತ್ರ ಹೊಸದು, ಮೇಲೆ ಹಳೆಯದು. ವಿದ್ಯುತ್ ಸ್ವಿಚ್ಚುಗಳೆಲ್ಲ ಕೈ ಚಾಚಿದರಷ್ಟೇ ಸಿಗುವ ಎತ್ತರದಲ್ಲಿ. ದಲ್ಲಾಳಿ "ಮಕ್ಕಳ ಸುರಕ್ಷತೆಗೆ" ಎಂದ. ಪಕ್ಕದ ಮನೆಯ ಅಜ್ಜಿ ಜತ್ತ ತಾಲ್ಲೂಕಿನವರು, ಕನ್ನಡದವರೇ. ನೀರು ಎಲ್ಲಿಯವರೆಗೆ ಬಂದಿತ್ತಮ್ಮಾ ಎಂದು ಕೇಳಿದರೆ, "ನನಗೇನ್ ಕೇಳ್ತೀರಿ, ಗ್ವಾಡಿ ನೋಡ್ರಿ" ಎಂದು ತಮ್ಮ ಮನೆಯ ಗೋಡೆ ತೋರಿಸಿದರು. 2005ರ ಕರೆ ಒಂದು, ಅದಕ್ಕಿಂತ ಮೇಲೆ 2019ರದು. 2021ರಲ್ಲಿಯೂ ಪಾತ್ರೆಪಗಡೆ ಅಟ್ಟಕ್ಕೇರಿದ್ದವು. ಹಾಗೆಂದು ಅವರು ಊರು ಬಿಟ್ಟಿಲ್ಲ. ಮಗನ ಅಂಗಡಿ ಅಲ್ಲೇ ಇದೆ, ಅನ್ನ ಅಲ್ಲೇ ಇದೆ. ಅಂಥವರನ್ನು ಅವಿವೇಕಿಗಳೆನ್ನುವುದು ನಮಗೆ ಸರಿ ಕಾಣದು. ಹೊಸದಾಗಿ ಬರುವವರ ಲೆಕ್ಕವೇ ಬೇರೆ.

ಅಲ್ಲಿಂದ ಇರ್ವಿನ್ ಸೇತುವೆಗೆ ನಡೆದೆವು. 1929ರಲ್ಲಿ ತೆರೆದ ಈ ಸೇತುವೆಯ ಬಳಿಯ ಅಳತೆಯೇ ಮಳೆಗಾಲದಲ್ಲಿ ಇಡೀ ಊರಿನ ನಾಡಿ. 40 ಅಡಿಗೆ ಎಚ್ಚರಿಕೆ, 45ಕ್ಕೆ ಅಪಾಯ. 2019ರ ಆಗಸ್ಟಿನಲ್ಲಿ 57 ಅಡಿ ದಾಟಿತ್ತು. ಮೇಲಿನಿಂದ ಕೊಯ್ನಾ ಅಣೆಕಟ್ಟಿನ ನೀರು. ಕೆಳಗೆ ಹರಿಪುರದಲ್ಲಿ ವಾರಣಾ ನದಿ ಬಂದು ಸೇರುತ್ತದೆ. ಎರಡೂ ಒಟ್ಟಿಗೆ ಉಕ್ಕಿದರೆ ನೀರು ಬೇಗ ಇಳಿಯುವುದಿಲ್ಲ, ದಿನಗಟ್ಟಲೆ ನಿಲ್ಲುತ್ತದೆ. ನಿಂತ ನೀರು ಇಟ್ಟಿಗೆಯ ಒಳಗೇ ಇಳಿಯುತ್ತದೆ. ಬಣ್ಣ ಬಳಿದರೆ ಹೋಗುವ ತೇವವಲ್ಲ ಅದು. ನೀರಾವರಿ ಇಲಾಖೆಯ ನಕ್ಷೆಯಲ್ಲಿ ನೆರೆಯ ನೀಲಿ ಗೆರೆ, ಕೆಂಪು ಗೆರೆ ಎಂದಿವೆ. ಮನೆ ಯಾವ ಗೆರೆಯ ಒಳಗಿದೆ ಎಂದು ಮಹಾನಗರಪಾಲಿಕೆಯಲ್ಲಿ ವಿಚಾರಿಸದೆ ಬೆಲೆಯ ಮಾತಿಗೇ ಇಳಿಯಬಾರದು.

ಎರಡನೆಯ ಮನೆ ಮಿರಜಿನಲ್ಲಿ, ಏರುನೆಲದಲ್ಲಿ. ಮಿರಜೆಲ್ಲ ಸುರಕ್ಷಿತ ಎನ್ನುವಂತಿಲ್ಲ, ಅಲ್ಲಿನ ಕೃಷ್ಣಾಘಾಟ್ ಕೂಡ ಮುಳುಗುತ್ತದೆ. ಈ ಮನೆ ನದಿಗೆ ದೂರ, ಚಿಕ್ಕದು, ಗೂಡೂ ಇಲ್ಲ. ಇಲ್ಲಿನ ಚಿಂತೆ ಎರೆಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲ. ಗರಸು ಸಿಗುವವರೆಗೆ ಅಗೆದು ಪಾಯ ಹಾಕದಿದ್ದರೆ ಗೋಡೆ ಸೀಳುತ್ತದೆ. ಬಂಡೆಯ ಮೇಲಿನ ಮನೆ, ಮರಳಿನ ಮೇಲಿನ ಮನೆಯ ಸಾಮತಿಯಲ್ಲಿ ಎರಡಕ್ಕೂ ಅದೇ ಮಳೆ, ಅದೇ ಪ್ರವಾಹ. ನೋಡಲು ಬಂದವನಿಗೆ ಪಾಯ ಮಾತ್ರ ಕಾಣುವುದಿಲ್ಲ. ಬಾಗಿಲುಗಳನ್ನು ಒಂದೊಂದಾಗಿ ಹಾಕಿ ತೆಗೆದೆವು. ಹಿತ್ತಿಲ ಬಾಗಿಲು ಚೌಕಟ್ಟಿಗೆ ಉಜ್ಜಿತು. ಅದರ ಮೂಲೆಯಿಂದ ಓರೆಯಾಗಿ ಒಂದು ಸಣ್ಣ ಬಿರುಕು ಹೊರಟಿತ್ತು. ತಂದೆ ಅದರ ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿ ತಾರೀಕು ಬರೆದರು.

ಕಾಗದಪತ್ರ ವಕೀಲರ ಕೆಲಸ. ನಮ್ಮ ಪಹಣಿಯಂತೆ ಅಲ್ಲಿ ಸಾತಬಾರಾ, ಪಟ್ಟಣದ ಆಸ್ತಿಗೆ ಪ್ರಾಪರ್ಟಿ ಕಾರ್ಡ್. ಗುಂಠೇವಾರಿ ನಿವೇಶನವಾದರೆ ಸಕ್ರಮವಾಗಿದೆಯೇ ಎಂದೂ ನೋಡಬೇಕು.

ಸಂಜೆ ದಲ್ಲಾಳಿ ಸಂಚಕಾರ ಕೇಳಿದ. ಆ ಕಡೆ ಮುಂಗಡ ಹಣಕ್ಕೆ ಇದೇ ಮಾತು. ಮೈಸೂರು ಕಡೆಯವರಿಗೆ ಪ್ರಾಣಕ್ಕೆ ಬರುವ ಸಂಚಕಾರವೊಂದೇ ಗೊತ್ತು. "ಒಂದು ಮಳೆಗಾಲ ಕಳೀಲಿ" ಎಂದು ತಂದೆ ಚೀಲ ಮುಚ್ಚಿದರು. ಮಿರಜಿನಲ್ಲೇ ಬಾಡಿಗೆಗೆ ಒಂದು ಮನೆ ಹಿಡಿದರು. ಜುಲೈಯಲ್ಲಿ ಮಳೆ ಸುರಿಯುವಾಗ ಛತ್ರಿ ಹಿಡಿದು ಹೋಗಿ ನೋಡಿದರಂತೆ. ಓಣಿಯ ನೀರು ಒಂದೇ ಗಂಟೆಯಲ್ಲಿ ಇಳಿದಿದೆ. ಬಿರುಕು ಪೆನ್ಸಿಲ್ ಗುರುತನ್ನು ಒಂದು ಬೆರಳಿನಷ್ಟು ದಾಟಿದೆ. ಅದನ್ನು ತೋರಿಸಿಯೇ ಬೆಲೆ ಇಳಿಸುವ ಮಾತು ನಡೆದಿದೆ.