ನಾಲೆ ಹೋದ ದಾರಿಯಲ್ಲಿ ಬೈಕ್ ಸವಾರಿ

ಬೈಕಿನಲ್ಲಿ ಖುಷಿಯಾಗಿ ಸುತ್ತಬೇಕಾದರೆ ಮಡಿಕೇರಿಗೋ ಚಿಕ್ಕಮಗಳೂರಿಗೋ ಹೋಗಬೇಕು, ನಮ್ಮ ಕಡೆ ಏನಿದೆ, ಬರೀ ಕಬ್ಬು, ಭತ್ತ, ನೆಟ್ಟಗಿನ ರಸ್ತೆ ಎಂದು ಮಂಡ್ಯ ಸೀಮೆಯ ಹುಡುಗರು ಮೂಗು ಮುರಿಯುತ್ತಾರೆ. ನನ್ನ ಮೊಮ್ಮಗನದೂ ಅದೇ ಮಾತು. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ಕಡೆ ಬ್ಯಾಂಕ್ ಗುಮಾಸ್ತನಾಗಿ ದುಡಿದ ನನಗೆ ಹಾಗೆ ಅನಿಸಿಲ್ಲ. ಎಪ್ಪತ್ತು ದಾಟಿದರೂ ಭಾನುವಾರ ಬೆಳಿಗ್ಗೆ ನನ್ನ ಹಳೆಯ ಯೆಜ್ಡಿಯನ್ನು ಹೊರಗೆ ತಳ್ಳುತ್ತೇನೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ ಅದು. ಕಾರ್ಖಾನೆ 1996ರಲ್ಲಿ ಮುಚ್ಚಿತು, ಗಾಡಿ ಮಾತ್ರ ಇನ್ನೂ ಓಡುತ್ತಿದೆ. ಮಕ್ಕಳೇ, ಅದರ ವಿಶೇಷ ಗೊತ್ತೇ? ಸ್ಟಾರ್ಟ್ ಮಾಡುವ ಕಿಕ್ಕರ್ರೇ ಆಮೇಲೆ ಗೇರ್ ಹಾಕುವ ಪೆಡಲು!

ಒಳ್ಳೆಯ ರಸ್ತೆ ಹುಡುಕಲು ನನ್ನ ಸೂತ್ರ ಒಂದೇ: ನೀರು ಹೋದ ದಾರಿ ಹಿಡಿಯಿರಿ. ಹೆದ್ದಾರಿಗೆ ದಿಣ್ಣೆ ಅಡ್ಡ ಬಂದರೆ ಕಡಿಯುತ್ತಾರೆ, ಹಳ್ಳ ಬಂದರೆ ತುಂಬುತ್ತಾರೆ. ನಾಲೆಯ ಕಥೆ ಬೇರೆ. ನೀರು ದಿಣ್ಣೆ ಹತ್ತಲಾರದು. ಸರ್ರನೆ ಇಳಿದುಬಿಟ್ಟರೆ ಮುಂದಿನ ಊರಿನ ಗದ್ದೆಗೆ ಹರಿಯದು. ಅದಕ್ಕೇ ನಾಲೆ ಎತ್ತರವನ್ನು ಜೋಪಾನವಾಗಿ ಉಳಿಸಿಕೊಂಡು, ಒಂದೊಂದು ದಿಣ್ಣೆಯನ್ನೂ ಬಳಸಿಕೊಂಡು ಸಾಗುತ್ತದೆ. ಪಕ್ಕದ ರಸ್ತೆಯೂ ಅದರ ಜೊತೆಗೇ ತಿರುಗುತ್ತದೆ. ಬೈಕ್ ಓಡಿಸುವವರಿಗೆ ತಿರುವೇ ಹಬ್ಬ.

ಶ್ರೀರಂಗಪಟ್ಟಣದಲ್ಲಿ 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ ಇಂದಿಗೂ ಗದ್ದೆಗೆ ನೀರುಣಿಸುತ್ತಿದೆ. ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಅದಕ್ಕಿಂತ ಬಹಳ ದೊಡ್ಡದು. ಮೊದಲು ಅದಕ್ಕೆ ಇರ್ವಿನ್ ನಾಲೆ ಎಂದು ಹೆಸರಿತ್ತು, ಈಗ ಎಲ್ಲರ ಬಾಯಲ್ಲೂ ವಿ.ಸಿ. ನಾಲೆ. ಹುಲಿಕೆರೆಯ ಬಳಿ ನೀರು ಸುರಂಗ ಹೊಕ್ಕು ನೆಲದೊಳಗೇ ಹರಿದು ಆಚೆ ಹೊರಬರುತ್ತದೆ. ಒಂದು ಕಡೆ ತುಂಬಿದ ನಾಲೆ, ಇನ್ನೊಂದು ಕಡೆ ನಾಟಿ ಮಾಡಿದ ಗದ್ದೆ, ಮುಂದೆ ಎಲ್ಲೋ ಆಲೆಮನೆಯಿಂದ ಬರುವ ಬೆಲ್ಲದ ಘಮ. ಇಷ್ಟು ಸಾಲದೇ?

ಆದರೆ ಇದೇ ನಾಲೆ ನಮ್ಮನ್ನು ಅಳಿಸಿದ್ದೂ ಉಂಟು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಜನ ತೀರಿಕೊಂಡರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಅಲ್ಲಿ ಹಾದುಹೋಗುವಾಗ ನಾನು ಇಂದಿಗೂ ಮಾತಾಡುವುದಿಲ್ಲ. ತಡೆಗೋಡೆ ಇಲ್ಲದ ಏರಿಯ ಮೇಲೆ ನನ್ನ ಗಾಡಿಯ ಮುಳ್ಳು ಮೂವತ್ತು ದಾಟುವುದಿಲ್ಲ. ಹಿಂದೆ ಕೂತವರ ತಲೆಗೂ ಹೆಲ್ಮೆಟ್ ಇರಬೇಕು. ಕತ್ತಲಾಗುವ ಮೊದಲೇ ಮನೆ ಸೇರಬೇಕು. ಕಬ್ಬು ಹೇರಿದ ಟ್ರಾಕ್ಟರುಗಳಿಗೆ ಎಷ್ಟೋ ಸಲ ಹಿಂದಿನ ದೀಪವೇ ಇರುವುದಿಲ್ಲ.

ಪಾಂಡವಪುರದಲ್ಲಿ ಕುಂತಿಬೆಟ್ಟದ ಬಂಡೆಗಳನ್ನು ನೋಡಿಕೊಂಡು ತೊಣ್ಣೂರಿಗೆ ಹೋಗಿ. ಬೆಟ್ಟಗಳ ನಡುವಿನ ಆ ಕೆರೆಯ ನೀರು ಎಷ್ಟು ತಿಳಿಯೆಂದರೆ, ಅದಕ್ಕೆ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ ಎಂದೂ ಹೆಸರು ಬಂದಿದೆ. ದಡದಲ್ಲೇ ಕೂತು ಬುತ್ತಿ ಬಿಚ್ಚಿ, ಆದರೆ ನೀರಿಗೆ ಇಳಿಯಬೇಡಿ. ಮುಂದೆ ಜಕ್ಕನಹಳ್ಳಿ ಕ್ರಾಸಿನಲ್ಲಿ ತಿರುಗಿದರೆ ಮೇಲುಕೋಟೆಯ ಏರು. ಘಾಟಿ ರಸ್ತೆ ಬೇಕೆನ್ನುವವರಿಗೆ ನಮ್ಮಲ್ಲಿ ಇರುವುದು ಇದೇ, ಚಿಕ್ಕದಾದರೂ ಚೊಕ್ಕವಾಗಿದೆ. ಮೇಲೆ ಚೆಲುವನಾರಾಯಣನ ದರ್ಶನ ಮಾಡಿ, ಒಂದು ತಟ್ಟೆ ಪುಳಿಯೋಗರೆ ತಿಂದು ಇಳಿಯಿರಿ.

ಅಲ್ಲಿಂದ ಪಶ್ಚಿಮಕ್ಕೆ ಕೆ.ಆರ್. ಪೇಟೆ ಸೀಮೆ. ಇಲ್ಲಿನ ನೀರು ಹೇಮಾವತಿಯದು. ಹೇಮಗಿರಿಯ ಅಣೆಕಟ್ಟೆಯ ಮೇಲೆ ನದಿ ಹಾಲಿನಂತೆ ಜಾರುವುದನ್ನು ಮಳೆಗಾಲದಲ್ಲಿ ನೋಡಬೇಕು. ಪೇಟೆಗೆ ಅಂಟಿಕೊಂಡಂತಿರುವ ಹೊಸಹೊಳಲಿನಲ್ಲಿ ಹೊಯ್ಸಳರ ಲಕ್ಷ್ಮೀನಾರಾಯಣ ದೇವಾಲಯವಿದೆ. ಅದರ ಗೋಡೆಯ ಆನೆ, ಕುದುರೆಗಳ ಸಾಲನ್ನು ಮಕ್ಕಳು ಎಣಿಸುತ್ತಾ ಹೋಗಲಿ. ಹಾಸನದ ದಿಕ್ಕಿಗೆ ಹೋದರೆ ಕಿಕ್ಕೇರಿ ಸಿಗುತ್ತದೆ. ಕವಿ ಕೆ.ಎಸ್. ನರಸಿಂಹಸ್ವಾಮಿ 1915ರಲ್ಲಿ ಹುಟ್ಟಿದ ಊರು ಅದು.

ನಾಗಮಂಗಲದಲ್ಲಿ ಮಾತ್ರ ನೀರು ಕಡಿಮೆ. ರಾಗಿ, ಹುರುಳಿ, ತೆಂಗಿನ ನಾಡು. ಜೇವರ್ಗಿಯವರೆಗೆ ಹೋಗುವ ಹೆದ್ದಾರಿ ಬಿಟ್ಟು ಹಳ್ಳಿಯ ದಾರಿಗೆ ಇಳಿಯಿರಿ. ನೆಲವೇ ಅಲೆಯಂತೆ ಏಳುತ್ತದೆ, ಬೀಳುತ್ತದೆ. ಸುಗ್ಗಿಯಲ್ಲಿ ಮಾತ್ರ ಎಚ್ಚರ. ವಾಹನಗಳು ತುಳಿಯಲೆಂದು ಹುರುಳಿಯನ್ನು ರಸ್ತೆಯ ಮೇಲೇ ಹರಡಿರುತ್ತಾರೆ, ಅದರ ಮೇಲೆ ಬ್ರೇಕ್ ಒತ್ತಿದರೆ ಬೈಕ್ ಜಾರಿತೆಂದೇ ತಿಳಿಯಿರಿ. ಬೆಳಿಗ್ಗೆ ಬೇಗ ಆದಿಚುಂಚನಗಿರಿಯ ಕಡೆ ಹೋದರೆ ನವಿಲುಗಳ ಕೂಗು ಕೇಳುತ್ತದೆ. ಅದನ್ನು ಕೇಳಬೇಕಾದರೆ ಎಂಜಿನ್ ನಿಲ್ಲಿಸಬೇಕು, ಅಷ್ಟೇ.

ನಿಮ್ಮ ಊರು ಯಾವುದಾದರೂ ಇರಲಿ ಮಕ್ಕಳೇ, ಊರ ಕೆರೆಗೆ ನೀರು ಎಲ್ಲಿಂದ ಬರುತ್ತದೆ, ಕೋಡಿ ಬಿದ್ದರೆ ಎಲ್ಲಿಗೆ ಹೋಗುತ್ತದೆ ಎಂದು ಅಜ್ಜಿಯನ್ನೋ ತಾತನನ್ನೋ ಕೇಳಿ. ಅವರಿಗೆ ಗೊತ್ತಿರುತ್ತದೆ. ಮುಂದಿನ ಭಾನುವಾರ ಅವರನ್ನೂ ಕರೆದುಕೊಂಡು, ಬೈಕೋ ಸೈಕಲ್ಲೋ ನಡಿಗೆಯೋ, ಆ ದಾರಿ ಹಿಡಿದು ನಿಧಾನವಾಗಿ ಹೊರಡಿ.