ಕೆ.ಆರ್. ಸರ್ಕಲ್‌ನ ಗೇಟಿನೊಳಗೆ

ಬೆಳಗಿನ ಒಂಬತ್ತರ ಸುಮಾರಿಗೆ ಬೆಂಗಳೂರಿನ ಕೆ.ಆರ್. ಸರ್ಕಲ್‌ನಲ್ಲಿ ಬಸ್ಸಿಳಿಯಿರಿ. ಅತ್ತ ವಿಧಾನಸೌಧ, ಇತ್ತ ಕಬ್ಬನ್ ಪಾರ್ಕಿನ ಮರಗಳು, ನಡುವೆ ಹಾರ್ನುಗಳ ಗಲಾಟೆ. ಬಗಲಲ್ಲಿ ಡ್ರಾಫ್ಟರ್, ಬಾಯಲ್ಲಿ ವೈವಾ ಪ್ರಶ್ನೆಗಳು, ಓಡುತ್ತಿದ್ದಾಳೆ ಒಬ್ಬ ಹುಡುಗಿ. ಅವಳ ಹಿಂದೆಯೇ ನಡೆಯಿರಿ. ಅವಳು ನುಗ್ಗುವ ಗೇಟೇ ಯುವಿಸಿಇ, ಅಂದರೆ ಯೂನಿವರ್ಸಿಟಿ ವಿಶ್ವೇಶ್ವರಯ್ಯ ಕಾಲೇಜ್ ಆಫ್ ಎಂಜಿನಿಯರಿಂಗ್.

ವಿಶ್ವೇಶ್ವರಯ್ಯನವರು ಪಕ್ಕದ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದಾಗ ಈ ಗೇಟು ಇರಲಿಲ್ಲ. ಎಂಜಿನಿಯರಿಂಗ್ ಓದಲು ಮೈಸೂರು ಸರ್ಕಾರದ ನೆರವು ಪಡೆದು ಪುಣೆಗೆ ಹೋಗಬೇಕಾಯಿತು. ಮುಂದೆ ದಿವಾನರಾದರು; 1917ರಲ್ಲಿ ಬೆಂಗಳೂರಿನಲ್ಲೇ ಕಾಲೇಜು ತೆರೆಸಿ, ನಾಡಿನ ಹುಡುಗರಿಗೆ ಆ ಅಲೆದಾಟ ತಪ್ಪಿಸಿದರು. ಅವರು ಕಟ್ಟಿಸಿದ ಅಣೆಕಟ್ಟೆಗೆ ಸಿಕ್ಕಷ್ಟು ಹೊಗಳಿಕೆ ಈ ಕೆಲಸಕ್ಕೆ ಸಿಕ್ಕಿಲ್ಲ, ಬಿಡಿ. ಕಾಲೇಜು ಮೊದಲು ಮೈಸೂರು ವಿಶ್ವವಿದ್ಯಾನಿಲಯದ್ದು, ಅರವತ್ತರ ದಶಕದಿಂದ ಬೆಂಗಳೂರು ವಿಶ್ವವಿದ್ಯಾಲಯದ್ದು, ಈಗ 2021ರ ಕಾಯ್ದೆಯಂತೆ ಸ್ವಾಯತ್ತ ಸಂಸ್ಥೆ. ಬೋರ್ಡು ಬದಲಾಗಿದೆ, ಹುಡುಗರ ಬಾಯಲ್ಲಿ ಅದು ಬರೀ 'ಕಾಲೇಜು'.

ಎತ್ತರದ ಕಂಬಗಳನ್ನು ದಾಟಿ ಒಳಗೆ ಬನ್ನಿ. ವರ್ಕ್‌ಶಾಪಿನ ಬಾಗಿಲಲ್ಲೇ ಎಣ್ಣೆ, ಕಬ್ಬಿಣದ ವಾಸನೆ ಮೂಗಿಗೆ ಬಡಿಯುತ್ತದೆ. ಫಿಟ್ಟಿಂಗ್ ನಡೆಯುತ್ತಿದೆ. ಏಪ್ರನ್ ತೊಟ್ಟ ಹುಡುಗ ವೈಸ್‌ನಲ್ಲಿ ಉಕ್ಕಿನ ತುಂಡು ಬಿಗಿದು ಅರ ಹಾಕುತ್ತಿದ್ದಾನೆ. ಕೀರ್‌ ಕೀರ್‌ ಎಂಬ ಸದ್ದಿಗೆ ನಿಮ್ಮ ಹಲ್ಲು ಜುಮ್ಮೆನ್ನುತ್ತದೆ. ತುಂಡನ್ನು ಬಿಚ್ಚಿ, ಟ್ರೈಸ್ಕ್ವೇರ್ ಇಟ್ಟು ಕಿಟಕಿಯ ಕಡೆ ಹಿಡಿಯುತ್ತಾನೆ. ನಡುವೆ ಬೆಳಕಿನ ಗೆರೆ ಕಾಣುತ್ತಿದೆ. ಅಂದರೆ ಅಂಚು ನೇರವಾಗಿಲ್ಲ.

"ಸರ್, ಇಷ್ಟು ಸಾಕಲ್ವಾ?"

"ಬೆಳಕು ಬರ್ತಿದೆಯಲ್ಲಪ್ಪ. ಇನ್ನೊಂಚೂರು ಉಜ್ಜು."

ಅಂಗೈಯಲ್ಲಿ ಬೊಬ್ಬೆ ಎದ್ದಿದೆ. ಕಂಪ್ಯೂಟರ್ ಸೈನ್ಸ್‌ಗೆ ಸೇರಿದವನಿಗೆ ಇದೆಲ್ಲ ಯಾಕೆ ಎಂದು ಗೊಣಗುತ್ತಾ ಮತ್ತೆ ಉಜ್ಜುತ್ತಾನೆ. ಬೇಕು ಎನ್ನುವವನು ನಾನು. ಪರದೆಯ ಮೇಲೆ ಎಳೆದ ಗೆರೆ ಯಾವತ್ತೂ ನೇರವೇ. ಲೋಹ ಹಾಗಲ್ಲ, ಅದು ಎದುರು ನಿಲ್ಲುತ್ತದೆ.

ಕಾರಿಡಾರಿನಲ್ಲಿ ರೆಕಾರ್ಡ್ ಬುಕ್ಕಿಗೆ ಸಹಿಗಾಗಿ ಸಾಲು. ಮೆಟ್ಟಿಲ ಮೇಲೆ ಕೂತ ಮೂವರಿಗೆ ಮುಂಬರುವ 'ಮಿಲಾಗ್ರೊ' ಹಬ್ಬದ್ದೇ ಚಿಂತೆ, ಇಂಟರ್ನಲ್ಸ್ ಪರೀಕ್ಷೆಯದಲ್ಲ. ಸಿವಿಲ್‌ನವರು ಇಲ್ಲಿ ಕಾಣುವುದಿಲ್ಲ. ಅವರ ವಿಭಾಗ ದೂರದ ಜ್ಞಾನಭಾರತಿಯಲ್ಲಿದೆ.

ಇಲ್ಲಿಂದ ಹೊರಬಂದವರನ್ನೂ ನೋಡಿ. ದ್ರವಚಲನೆಯ ವಿಜ್ಞಾನದಲ್ಲಿ ಜಗತ್ತೇ ಗುರುತಿಸಿದ ರೊದ್ದಂ ನರಸಿಂಹ 1953ರಲ್ಲಿ ಮೆಕ್ಯಾನಿಕಲ್ ಮುಗಿಸಿದ್ದು ಈ ಕಾಲೇಜಿನಿಂದಲೇ. ಡಿಆರ್‌ಡಿಒ ಮುಖ್ಯಸ್ಥರಾಗಿದ್ದ ವಿ.ಕೆ. ಆತ್ರೆಯವರೂ ಇಲ್ಲಿಯವರೇ. ಹಾಗಾಗಿ ಮಗನಿಗೋ ಮಗಳಿಗೋ ಎಂಜಿನಿಯರಿಂಗ್ ಸೀಟು ಹುಡುಕುತ್ತಿದ್ದರೆ, ಹೊಳೆಯುವ ಗಾಜಿನ ಕಟ್ಟಡಗಳಿಗೆ ಮರುಳಾಗುವ ಮುನ್ನ ಯಾವ ಕಾಲೇಜಾದರೂ ಸರಿ, ಮೊದಲು ಅದರ ವರ್ಕ್‌ಶಾಪ್ ನೋಡಿ ಬನ್ನಿ.